ತೊಟ್ಟಿನಲ್ಲಿದೆ ಬದನೆಕಾಯಿ ಕೇಕಿನ ಗುಟ್ಟು

ನೋಡಲು ಥೇಟ್ ಬದನೆಕಾಯಿಯಂತೆಯೇ ಇರುವ ಕೇಕ್ ಇದು. ಮೊದಲು ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋಗಿ ನೋಡಿಕೊಂಡು ಮಾಡಲು ಒಂದು ಒಳ್ಳೆ ಬದನೆಕಾಯಿ ತನ್ನಿ. ಉದ್ದನೆಯದು, ನೇರಳೆ ಬಣ್ಣದ್ದು, ತೊಟ್ಟು ಹಸಿರಾಗಿರಬೇಕು. ಫೋನಿನಲ್ಲಿ ಫೋಟೊ ನೋಡಿಕೊಂಡು ಮಾಡಿದರೆ ಸಾಲದು. ಕಾಯಿ ಕೈಯಲ್ಲಿದ್ದರೆ ತಿರುಗಿಸಿ ತಿರುಗಿಸಿ ನೋಡಬಹುದು ಅಲ್ವಾ?

ನಾನು ಈ ಕೇಕ್ ಮಾಡಿದ್ದು ಮಂಡ್ಯದಲ್ಲಿರುವ ಸೋದರಮಾವನ ಅರವತ್ತಕ್ಕೆ. ವಾಂಗೀಬಾತ್ ಅಂದರೆ ಅವರಿಗೆ ಪ್ರಾಣ.

ಮೆತ್ತನೆಯ ಸ್ಪಂಜ್ ಕೇಕ್ ಬೇಡ, ಚಾಕು ಇಟ್ಟರೆ ಉದುರುತ್ತದೆ. ಬೆಣ್ಣೆ, ಸಕ್ಕರೆ, ಮೈದಾ ತಲಾ 250 ಗ್ರಾಂ, 5 ಮೊಟ್ಟೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್. ಎರಡು ಚಿಕ್ಕ ಬ್ರೆಡ್ ಟಿನ್ನಿಗೆ ಹಂಚಿ, 160 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ ಕಡ್ಡಿ ಚುಚ್ಚಿ ನೋಡಿ. ಆರಿದ ಮೇಲೆ ಸುತ್ತಿ ಫ್ರಿಜ್ಜಿನಲ್ಲಿಡಿ. ಅವತ್ತು ರಾತ್ರಿಯೇ 400 ಗ್ರಾಂ ಡಾರ್ಕ್ ಚಾಕೊಲೇಟಿಗೆ 200 ಗ್ರಾಂ ಬಿಸಿ ಕ್ರೀಮ್ ಸುರಿದು ಗನಾಶ್ ಮಾಡಿಟ್ಟುಬಿಡಿ. ಬೆಳಿಗ್ಗೆ ಹೊತ್ತಿಗೆ ಹಚ್ಚುವ ಹದಕ್ಕೆ ಬಂದಿರುತ್ತದೆ.

ಎರಡೂ ಕೇಕನ್ನು ಗನಾಶ್ ಹಚ್ಚಿ ಒಂದರ ಮೇಲೊಂದು ಅಂಟಿಸಿ. ಹಲ್ಲಿರುವ ಚಾಕುವಿನಿಂದ ಮೊದಲು ಮೂಲೆಗಳನ್ನು ತೆಗೆಯಿರಿ. ಆಮೇಲೆ ತೊಟ್ಟಿನ ಕಡೆ ಸಣ್ಣಗೆ, ಬುಡದ ಕಡೆ ದಪ್ಪಗೆ ಬರುವಂತೆ ಸ್ವಲ್ಪ ಸ್ವಲ್ಪವೇ ಕೆತ್ತಿ. ಅಡಿಭಾಗ ಸಮತಟ್ಟಾಗಿರಲಿ, ಇಲ್ಲದಿದ್ದರೆ ಉರುಳುತ್ತದೆ. ಉದುರಿದ ಚೂರನ್ನೆಲ್ಲ ಗನಾಶ್ ಜೊತೆ ಕಲಸಿ, ತೊಟ್ಟಿನ ಹತ್ತಿರದ ಬಾಗು ಅದರಲ್ಲೇ ತಿದ್ದಿ. ಮೇಲೆ ಗನಾಶ್ ಸವರಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ನಯ ಮಾಡಿ. ಈಗ ಕಾಣುವ ಪ್ರತಿ ಗುಳಿಯೂ ಆಮೇಲೂ ಕಾಣುತ್ತದೆ. ನೇರಳೆ ಫಾಂಡೆಂಟನ್ನು (ಕೇಕಿಗೆ ಹೊದಿಸುವ ಸಕ್ಕರೆಯ ಕಣಕ) 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಹೊದಿಸಿ, ಅಂಚನ್ನು ಅಡಿಗೆ ಸೇರಿಸಿ.

ಇನ್ನು ತೊಟ್ಟು. ನಿಮ್ಮ ಬದನೆಕಾಯಿಯ ತೊಟ್ಟಿನ ಒಂದು ಎಸಳನ್ನು ಉಗುರಿನಿಂದ ಎತ್ತಿ ನೋಡಿ. ಕೆಳಗಿನ ಸಿಪ್ಪೆ ಸಾಮಾನ್ಯವಾಗಿ ನೇರಳೆ ಇರುವುದಿಲ್ಲ, ಬೆಳ್ಳಗಿರುತ್ತದೆ. ಇಂಥ ಕಾಯಿಗಳಲ್ಲಿ ಬಿಸಿಲು ತಾಗದ ಕಡೆ ಬಣ್ಣ ಬರುವುದಿಲ್ಲ. ಆ ಬಿಳಿ ಬಣ್ಣ ಎಸಳಿನ ಅಂಚಿನಲ್ಲಿ ಒಂದು ಗೆರೆಯಷ್ಟು ಇಣುಕುತ್ತದೆ. ಕೇಕಿನ ಮೇಲೂ ಆ ಗೆರೆಯನ್ನು ಬ್ರಷ್ಷಿನಲ್ಲಿ ಎಳೆಯಿರಿ. ನೋಡಿದವರಿಗೆ ನಿಜವಾದ ಕಾಯಿ ಅನ್ನಿಸುವುದು ಇದರಿಂದಲೇ.

ಹಸಿರು ಫಾಂಡೆಂಟಿಗೆ ಚಿಟಿಕೆ ಸಿಎಂಸಿ ಪುಡಿ (ಕೇಕ್ ಅಲಂಕಾರಕ್ಕೆ ಬಳಸುವ, ತಿನ್ನಬಹುದಾದ ಅಂಟಿನ ಪುಡಿ) ಸೇರಿಸಿ ನಾದಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಐದು ಎಸಳು ಕತ್ತರಿಸಿ, ಕಡ್ಡಿಯಿಂದ ಗೀರು ಹಾಕಿ, ಒಂದೆರಡು ತುದಿ ಮೇಲಕ್ಕೆತ್ತಿ ಬಿಡಿ. ಕಾಂಡದೊಳಗೆ ಟೂತ್‌ಪಿಕ್ ಬೇಡ, ಮಕ್ಕಳು ತಿನ್ನುತ್ತಾರೆ. ಬೇಯಿಸದ ಸ್ಪಗೆಟ್ಟಿ ಕಡ್ಡಿ ಸಾಕು.

ಹೊಳಪಿಗೆ ಆವಿಯೇ ಒಳ್ಳೆಯದು. ನೆಗಡಿಗೆ ಬಳಸುತ್ತೇವಲ್ಲ, ಆ ಥರದ ಸ್ಟೀಮರ್ ಹೊಸದೊಂದು ಇದಕ್ಕೇ ಅಂತ ಇಟ್ಟುಕೊಳ್ಳಿ. ನೇರಳೆ ಭಾಗದ ಮೇಲೆ ಬೇಗ ಬೇಗ ಆಡಿಸಿ, ಒಣಗುವ ತನಕ ಮುಟ್ಟಬೇಡಿ.

ಮುಗಿದ ಕೇಕ್ ಫ್ರಿಜ್ಜಿಗೆ ಹೋದರೆ ಹೊರಗೆ ತೆಗೆದಾಗ ಬೆವರುತ್ತದೆ. ತಂಪಾದ ಕೋಣೆಯಲ್ಲಿ ಡಬ್ಬಿಯೊಳಗಿಡಿ. ಕಿಟಕಿ ಹತ್ತಿರ ಬೇಡ, ಬೆಳಕಿಗೆ ನೇರಳೆಯಲ್ಲಿನ ಕೆಂಪು ಮಾಸಿ ನೀಲಿಗೆ ತಿರುಗುತ್ತದೆ. ಮಂಡ್ಯಕ್ಕೆ ಒಯ್ಯುವಾಗ ಸೀಟಿನ ಮೇಲಿಡಲಿಲ್ಲ, ಸೀಟು ಇಳಿಜಾರಾಗಿರುತ್ತದೆ. ಕಾರಿನಲ್ಲಿ ಕಾಲಿಡುವ ಜಾಗದಲ್ಲಿಟ್ಟು ಏಸಿ ಹಾಕಿಕೊಂಡು ಹೋದೆ. ಕೊಯ್ಯುವಾಗ ಚಾಕು ಬಿಸಿನೀರಿನಲ್ಲಿ ಅದ್ದಿ ಒರೆಸಿ, ಬುಡದ ಕಡೆಯಿಂದ ಅಡ್ಡಡ್ಡ ಬಿಲ್ಲೆ ಕತ್ತರಿಸಿ. ತೊಟ್ಟು ಕೊನೆಯವರೆಗೂ ಉಳಿಯುತ್ತದೆ.