ಕಟ್ಟಡದ ತಾಪನ–ಶೀತಲನ ವ್ಯವಸ್ಥೆಗೆ ಗಂಟೆವಾರು ಶಕ್ತಿ ಲೆಕ್ಕ ಹಾಕುವ ವಿಧಾನ

ನೀರನ್ನು ತಂಪಾಗಿಸುವ ಚಿಲ್ಲರ್ ಮತ್ತು ಕಾಯಿಸುವ ಬಾಯ್ಲರ್‌ಗಳ ಗಾತ್ರ ನಿಗದಿಪಡಿಸಲು ಅತಿ ಸೆಕೆಯ ಮತ್ತು ಅತಿ ಚಳಿಯ ದಿನಗಳ ಲೆಕ್ಕ ಸಾಕು. ಆದರೆ ಯಂತ್ರಗಳು ಪೂರ್ಣ ಹೊರೆಯಲ್ಲಿ ಓಡುವುದು ವರ್ಷದ 8,760 ಗಂಟೆಗಳಲ್ಲಿ ಕೆಲವು ಗಂಟೆ ಮಾತ್ರ. ವಿದ್ಯುತ್ತಿನ ಬಹುಪಾಲು ಖರ್ಚಾಗುವುದು ಅರೆಹೊರೆಯ ಉಳಿದ ಗಂಟೆಗಳಲ್ಲಿ. ಗಂಟೆವಾರು ಲೆಕ್ಕ ಬೇಕಾಗುವುದು ಇದಕ್ಕಾಗಿಯೇ.

ಮೊದಲು ಹವಾಮಾನ ಕಡತವನ್ನು ಆರಿಸಿಕೊಳ್ಳಿ. ಎನರ್ಜಿಪ್ಲಸ್‌ನಂತಹ ಶಕ್ತಿ ಲೆಕ್ಕದ ತಂತ್ರಾಂಶಗಳು ಪ್ರತಿ ಗಂಟೆಯ ಉಷ್ಣಾಂಶ, ಆರ್ದ್ರತೆ, ಸೌರ ವಿಕಿರಣ ಮತ್ತು ಗಾಳಿಯ ವೇಗವನ್ನು ಅದರಿಂದಲೇ ಓದುತ್ತವೆ. ಸಾಮಾನ್ಯವಾಗಿ ಸಿಗುವ ‘ಮಾದರಿ ವರ್ಷ’ದ ಕಡತವನ್ನು ಬೇರೆ ಬೇರೆ ವರ್ಷಗಳ ತಿಂಗಳುಗಳನ್ನು ಆಯ್ದು ಜೋಡಿಸಿರುತ್ತಾರೆ. ಎರಡು ವಿನ್ಯಾಸಗಳನ್ನು ಹೋಲಿಸಲು ಅದು ಸರಿ. ಕಳೆದ ವರ್ಷದ ಬಿಲ್ಲಿನೊಂದಿಗೆ ತಾಳೆ ನೋಡಬೇಕಾದರೆ ಆ ವರ್ಷದ ನಿಜವಾದ ಹವಾಮಾನವೇ ಬೇಕು.

ಅನಂತರ ಕಟ್ಟಡವನ್ನು ವಲಯಗಳಾಗಿ, ಅಂದರೆ ಒಳಗಿನ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ರೀತಿ ಇರುವ ಭಾಗಗಳಾಗಿ ವಿಭಜಿಸಿ. ಹೊರಗೋಡೆಯಿಂದ ಸುಮಾರು 4.5 ಮೀಟರ್ ಒಳಗಿನವರೆಗಿನ ಜಾಗವನ್ನು ದಿಕ್ಕಿಗೊಂದರಂತೆ ಪ್ರತ್ಯೇಕ ವಲಯವಾಗಿಸುವುದು ವಾಡಿಕೆ, ಏಕೆಂದರೆ ಬೆಳಿಗ್ಗೆ ಪೂರ್ವದ ಕಿಟಕಿಗೆ, ಸಂಜೆ ಪಶ್ಚಿಮದ ಕಿಟಕಿಗೆ ಬೀಳುವ ಬಿಸಿಲನ್ನು ಒಂದೇ ವಲಯದಲ್ಲಿ ಬೆರೆಸಿದರೆ ಎರಡೂ ಗರಿಷ್ಠ ಹೊರೆಗಳು ಸರಾಸರಿಯಲ್ಲಿ ಮುಚ್ಚಿಹೋಗುತ್ತವೆ. ಜನರು, ದೀಪಗಳು ಮತ್ತು ಉಪಕರಣಗಳ ವೇಳಾಪಟ್ಟಿಗೆ, ನನ್ನ ಮಟ್ಟಿಗೆ, ಗೋಡೆಯ ಪದರಗಳಿಗಿಂತಲೂ ಹೆಚ್ಚಿನ ಗಮನ ಕೊಡಬೇಕು. ಕೆಲಸದ ವೇಳೆ ಮುಗಿದ ಮೇಲೂ ಉರಿಯುವ ದೀಪ, ಆರದ ಸರ್ವರ್ ಇವನ್ನೆಲ್ಲ ಸ್ಥಳಕ್ಕೆ ಹೋಗಿ ನೋಡಿಯೇ ಬರೆದುಕೊಳ್ಳಬೇಕು.

ಯಂತ್ರಗಳ ದಕ್ಷತೆಯನ್ನು ಒಂದೇ ಅಂಕಿಯಾಗಿ ನಮೂದಿಸಬೇಡಿ. ಹೊರೆ ಮತ್ತು ಹೊರಗಿನ ಉಷ್ಣಾಂಶಕ್ಕೆ ತಕ್ಕಂತೆ ದಕ್ಷತೆ ಬದಲಾಗುವ ರೇಖೆಯನ್ನು ತಯಾರಕರ ದತ್ತಾಂಶದಿಂದ ಪಡೆದು ತುಂಬಿ.

ಫಲಿತಾಂಶ ಬಂದೊಡನೆ ವಾರ್ಷಿಕ ಮೊತ್ತಕ್ಕೆ ಹಾರದೆ, ಬೇಸಿಗೆಯ ಒಂದು ವಾರದ ಗಂಟೆವಾರು ನಕ್ಷೆಯನ್ನು ತೆರೆಯಿರಿ. ವಾರಾಂತ್ಯದಲ್ಲಿ ಶೀತಲನ ನಿಲ್ಲುವ ಕಚೇರಿಯಾದರೆ, ಸೋಮವಾರ ಬೆಳಿಗ್ಗೆ ಹೊರಗೆ ತಂಪಿದ್ದರೂ ಗೋಡೆ, ಚಾವಣಿಗಳಲ್ಲಿ ಸಂಗ್ರಹವಾದ ಶಾಖದಿಂದ ಮೊದಲ ಗಂಟೆಯ ಹೊರೆ ಏಕಾಏಕಿ ಏರಬೇಕು. ಏರದಿದ್ದರೆ ವೇಳಾಪಟ್ಟಿಯನ್ನೋ ಗೋಡೆಯ ಉಷ್ಣಧಾರಣೆಯ ವಿವರಗಳನ್ನೋ ಪರಿಶೀಲಿಸಿ. ನಿಗದಿತ ಉಷ್ಣಾಂಶ ಕಾಯ್ದುಕೊಳ್ಳಲಾಗದ ಗಂಟೆಗಳನ್ನೂ ಎಣಿಸಿ: ಅಮೆರಿಕದ ತಾಪನ–ಶೀತಲನ ಎಂಜಿನಿಯರುಗಳ ಸಂಘವಾದ ಆಶ್ರೇಯ 90.1 ಮಾನದಂಡದ ಅನುಬಂಧ ಜಿ ಪ್ರಕಾರ ಅವು ವರ್ಷಕ್ಕೆ 300 ಮೀರಬಾರದು.

ಬಳಕೆಯಲ್ಲಿರುವ ಕಟ್ಟಡವಾದರೆ ತಂತ್ರಾಂಶದಲ್ಲಿ ಕಟ್ಟಿದ ಮಾದರಿಯನ್ನು ನಿಜವಾದ ಬಳಕೆಯ ಅಳತೆಗಳೊಂದಿಗೆ ಹೊಂದಿಸಬೇಕು. ಆಶ್ರೇ ಮಾರ್ಗಸೂಚಿ 14 ಸರಾಸರಿ ವಾಲಿಕೆಗೆ (ಲೆಕ್ಕವು ಅಳತೆಗಿಂತ ಒಟ್ಟಾರೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದಕ್ಕೆ) ಮಾಸಿಕ ದತ್ತಾಂಶದಲ್ಲಿ ಶೇ 5, ಗಂಟೆವಾರು ದತ್ತಾಂಶದಲ್ಲಿ ಶೇ 10ರ ಮಿತಿ ವಿಧಿಸುತ್ತದೆ. ಏರಿಳಿತದ ದೋಷಕ್ಕೆ (ಪ್ರತಿ ತಿಂಗಳ ಅಥವಾ ಗಂಟೆಯ ಅಂಕಿ ಅಳತೆಯಿಂದ ಎಷ್ಟು ದೂರವಿದೆ ಎಂಬುದಕ್ಕೆ) ಈ ಮಿತಿಗಳು ಕ್ರಮವಾಗಿ ಶೇ 15 ಮತ್ತು ಶೇ 30. ಅಂಕಿಗಳು ತಾಳೆಯಾಗಲೆಂದು ಹತ್ತು ಮೌಲ್ಯಗಳನ್ನು ಒಟ್ಟಿಗೆ ತಿರುಚಬಾರದು. ಒಂದು ಸಲಕ್ಕೆ ಒಂದನ್ನು ಮಾತ್ರ, ಅದೂ ಸ್ಥಳದಲ್ಲಿ ಅಳೆದ ಆಧಾರವಿದ್ದಾಗ ಬದಲಿಸಿ, ಕಾರಣವನ್ನು ಪಕ್ಕದಲ್ಲೇ ಬರೆದಿಡಿ.