ಮೈಲುತುತ್ತಿನಲ್ಲಿ ಅದ್ದಿದ ಕತ್ತಿ ಕೆಂಪಾಗುವುದು ಹೇಗೆ?

ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಕಾಸರಗೋಡಿನ ತೋಟಗಳಲ್ಲಿ, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಉಜ್ಜಿದ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುವ ಕ್ರಮವಿದೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಒಂದು ಲೋಹವು ಇನ್ನೊಂದನ್ನು ಅದರ ಲವಣದಿಂದ ಹೊರದೂಡುವ, ಪಾಠಪುಸ್ತಕದ ಸ್ಥಾನಪಲ್ಲಟ ಕ್ರಿಯೆ ಇದೇ. ಆದರೂ ಇದನ್ನು ಮನೆಯಂಗಳದಲ್ಲೇ ಕಂಡು ಬೆಳೆದ ಮಕ್ಕಳು ಉತ್ತರಪತ್ರಿಕೆಯಲ್ಲಿ ಸಮೀಕರಣವನ್ನು ತಿರುವುಮುರುವು ಬರೆಯುವುದನ್ನು ನಾನು ಪ್ರತಿವರ್ಷವೂ ನೋಡುತ್ತಿದ್ದೇನೆ.

ಮೊದಲು ಕಣ್ಣಾರೆ ನೋಡಿ. ಅಡುಗೆಗೆ ಬಳಸದ ಗಾಜಿನ ಲೋಟದಲ್ಲಿ ಸ್ವಲ್ಪ ಮೈಲುತುತ್ತು ಕರಗಿಸಿ, ಕಬ್ಬಿಣದ ಮೊಳೆಯನ್ನು ಅರ್ಧ ಗಂಟೆ ಮುಳುಗಿಸಿಡಿ. ಮೊಳೆಯನ್ನು ಮರಳುಕಾಗದದಿಂದ ಉಜ್ಜಿಯೇ ಹಾಕಬೇಕು. ತುಕ್ಕು, ಎಣ್ಣೆ ಉಳಿದರೆ ಕ್ರಿಯೆ ಸರಿಯಾಗಿ ನಡೆಯದು. ಸತುವಿನ ಲೇಪವಿರುವ ಮೊಳೆಯನ್ನು ಖಂಡಿತ ತರಬೇಡಿ, ಅದರಲ್ಲಿ ಮೊದಲು ವರ್ತಿಸುವುದು ಸತುವೇ ಹೊರತು ಕಬ್ಬಿಣವಲ್ಲ.

ಎಡವುವುದು ಮುಂದಿನ ಹಂತದಲ್ಲಿ. ಸೂತ್ರ ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಒಂಟಿಯಾಗಿರುವ ಲೋಹ ಯಾವುದು, ಲವಣದೊಳಗೆ ಇರುವ ಲೋಹ ಯಾವುದು? ಬಳಿಕ ಕ್ರಿಯಾಶೀಲತಾ ಸರಣಿಯನ್ನು, ಅಂದರೆ ಹೆಚ್ಚು ಚುರುಕಾಗಿ ವರ್ತಿಸುವ ಲೋಹದಿಂದ ಕಡಿಮೆಯದರವರೆಗೆ ಮೇಲಿನಿಂದ ಕೆಳಗಿನ ಕ್ರಮವನ್ನು, ನೆನೆಯಿರಿ: ಮೆಗ್ನೀಸಿಯಂ, ಅಲ್ಯುಮಿನಿಯಂ, ಸತು, ಕಬ್ಬಿಣ, ಸೀಸ, ತಾಮ್ರ, ಬೆಳ್ಳಿ. ಒಂಟಿ ಲೋಹವು ಮೇಲಿದ್ದರೆ ಮಾತ್ರ ಕೆಳಗಿನದನ್ನು ಅದರ ಲವಣದಿಂದ ಹೊರದೂಡುತ್ತದೆ. ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ತಾಮ್ರದ ಅಯಾನಿಗೆ (ಎಲೆಕ್ಟ್ರಾನು ಕಳೆದುಕೊಂಡು ಲವಣದಲ್ಲಿರುವ ತಾಮ್ರಕ್ಕೆ) ಬಿಟ್ಟುಕೊಟ್ಟು ತಾನು ನೀರಿಗಿಳಿಯುತ್ತದೆ. ಅವನ್ನು ಪಡೆದ ತಾಮ್ರವು ಲೋಹವಾಗಿ ಮೊಳೆಯ ಮೇಲೆ ಕೂರುತ್ತದೆ. ಸಲ್ಫೇಟ್ ಬದಲಾಗುವುದೇ ಇಲ್ಲ. ನೀಲಿ ಮಾಸಿ ತಿಳಿಹಸಿರು ತಲೆದೋರುವುದು ಫೆರಸ್ ಸಲ್ಫೇಟಿನಿಂದ. ಎರಡು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣ ಫೆರಸ್, ಮೂರು ಕಳೆದುಕೊಂಡದ್ದು ಫೆರಿಕ್; ಇಲ್ಲಿ ಫೆರಿಕ್ ಎಂದು ಬರೆದರೆ ತಪ್ಪು. ಮೊಳೆಗೆ ಬಣ್ಣ ಮೆತ್ತಿಕೊಂಡಿತೆಂದು ಮಕ್ಕಳು ಭಾವಿಸುತ್ತಾರೆ, ಆದರೆ ಕಬ್ಬಿಣವೇ ಕರಗಿ ಹೋಗಿರುತ್ತದೆ: 56 ಗ್ರಾಂ ಕಬ್ಬಿಣ ಹೋದರೆ ಸುಮಾರು 63.5 ಗ್ರಾಂ ತಾಮ್ರ ಬರುತ್ತದೆ.

ಸಂಕೇತಗಳಿಗಿಂತ ಮೊದಲು ಪದಗಳಲ್ಲೇ ಬರೆಯಿರಿ:

ಕಬ್ಬಿಣ + ತಾಮ್ರದ ಸಲ್ಫೇಟ್ → ಫೆರಸ್ ಸಲ್ಫೇಟ್ + ತಾಮ್ರ

ಇದನ್ನು ತಿರುಗಿಸಲಾಗದು. ಫೆರಸ್ ಸಲ್ಫೇಟಿನಲ್ಲಿ ತಾಮ್ರದ ತಂತಿಯನ್ನು ದಿನವಿಡೀ ಇಟ್ಟರೂ ಕಬ್ಬಿಣ ಹೊರಬರುವುದಿಲ್ಲ.

ಇನ್ನು ತೋಟದ ಕತ್ತಿ. ಸಾಕಷ್ಟು ಸುಣ್ಣ ಸೇರಿದಾಗ ತಾಮ್ರವು ನೀರಿನಲ್ಲಿ ಕರಗದ ರೂಪಕ್ಕೆ ತಿರುಗುವುದರಿಂದ ಅಲಗಿಗೆ ಕೆಂಪು ಹತ್ತುವುದಿಲ್ಲ. ಪರೀಕ್ಷೆಗೆ ತುಕ್ಕು ಹಿಡಿಯದ ಸ್ಟೀಲಿನ ಚಾಕು ಬೇಡ, ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ಪೊರೆ ಕ್ರಿಯೆಗೆ ಅಡ್ಡ ಬರುತ್ತದೆ. ಮೈಲುತುತ್ತನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸುವುದೂ ಬೇಡ, ಮರಕ್ಕೆ ಹೋಗಬೇಕಾದ ತಾಮ್ರ ಡ್ರಮ್ಮಿಗೆ ಅಂಟುತ್ತದೆ.