ಮೂರನೇ ಕೋಲು

ಮೊದಲನೇ ಕೋಲು ಮುರಿದದ್ದು ಹೊಳೆಯಲ್ಲಲ್ಲ, ನಮ್ಮ ಮನೆಯ ಅಂಗಳದಲ್ಲಿ. ಮೀನೂ ಇರಲಿಲ್ಲ, ನೀರೂ ಇರಲಿಲ್ಲ. ಸುಮ್ನೆ ದಾರ ಬೀಸಿ ನೋಡೋಣ ಅಂತ ಎರಡು ಸಲ ಹಿಂದೆ ಮುಂದೆ ಆಡಿಸಿದೆ. ಮೂರನೇ ಸಲಕ್ಕೆ ಲಟಕ್ ಅಂತು. ಅಡಿಕೆ ಹರಡುತ್ತಿದ್ದ ಹೆಂಡತಿ ತಲೆ ಎತ್ತಿ, "ಎರಡು ತಿಂಗಳಿಂದ ಇದನ್ನೇನಾ ಮಾಡ್ತಿದ್ದಿದ್ದು?" ಅಂದಳು. ಉತ್ತರ ಕೊಡಲಿಲ್ಲ. ಕೊಡೋಕೇನಿತ್ತು?

ನಮ್ಮದು ತೀರ್ಥಹಳ್ಳಿ ಕಡೆ. ಗಾಳ ಹಾಕೋದು ನಮಗೆ ಹೊಸತಲ್ಲ. ಚಿಕ್ಕಂದಿನಲ್ಲಿ ಒಂದು ಸಣ್ಣ ಬಿದಿರು ಕಡಿದು, ತುದಿಗೆ ನೈಲಾನ್ ದಾರ, ಒಂದು ಬೆಂಡು, ಒಂದು ಎರೆಹುಳ. ಅಷ್ಟೇ. ಮಳೆಗಾಲ ಶುರುವಾದರೆ ಹೊಸ ನೀರಿಗೆ ಮೇಲೆ ಹತ್ತಿ ಬರುವ ಹತ್ಮೀನು, ಅದನ್ನು ಹಿಡಿಯುವ ಕೂಳಿ, ಗದ್ದೆ ಬದುವಿನ ಗಲಾಟೆ. ಈ ಫ್ಲೈ, ಅಂದರೆ ಕೊಕ್ಕೆಗೆ ಗರಿ, ನೂಲು ಕಟ್ಟಿ ಹುಳದ ಥರ ಮಾಡಿ ಮೀನು ಹಿಡಿಯುವ ಹುಚ್ಚು ಹತ್ತಿಸಿದ್ದು ಅಮೆರಿಕದಲ್ಲಿರುವ ನನ್ನ ಸೋದರಳಿಯ. ಊರಿಗೆ ಬಂದಾಗ ಒಂದು ರೀಲು, 5ನೇ ನಂಬರಿನ ದಾರ, ಒಂದು ಡಬ್ಬಿ ಫ್ಲೈ ತಂದುಕೊಟ್ಟ. "ಕೋಲು ಇಲ್ಲೇ ತಗೊಳ್ಳಿ ಮಾವ" ಅಂದ. ಬೆಲೆ ವಿಚಾರಿಸಿದೆ. ಆಮೇಲೆ ಮನೆ ಹಿಂದಿನ ಬಿದಿರು ಮೆಳೆ ಕಡೆ ನೋಡಿದೆ.

ಈ ಕೋಲಿಗೂ ನಮ್ಮ ಗಾಳದ ಕೋಲಿಗೂ ಇರುವ ವ್ಯತ್ಯಾಸ ಗೊತ್ತಾಗಿದ್ದು ಮುರಿದ ಮೇಲೆ. ನಮ್ಮ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ಭಾರವೇ ಇಲ್ಲ. ಗರಿ, ನೂಲು, ಒಂದು ಸಣ್ಣ ಕೊಕ್ಕೆ, ಊದಿದರೆ ಹಾರುತ್ತದೆ. ಹಾಗಾಗಿ ಇಲ್ಲಿ ಭಾರ ಇರೋದು ದಾರದಲ್ಲೇ. 5ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಆ 9 ಗ್ರಾಮಿಗೆ ಕೋಲು ಬಾಗಬೇಕು, ಬಾಗಿದ್ದು ಥಟ್ಟನೆ ನೆಟ್ಟಗಾಗಬೇಕು. ಇಡೀ ಕೆಲಸ ಇಷ್ಟೇ. ಇಷ್ಟಕ್ಕೆ ನನಗೆ ಮೂರು ವರ್ಷ ಹಿಡಿಯಿತು.

ಕೋಲು ಮಾಡೋದು ಹೀಗೆ. ಬಿದಿರನ್ನು ಸೀಳಿ ಆರು ಪಟ್ಟಿ ಮಾಡಬೇಕು. ಪ್ರತಿ ಪಟ್ಟಿಯನ್ನೂ ಮೂರು ಮೂಲೆಯಾಗಿ, ಮೂರೂ ಕಡೆ 60 ಡಿಗ್ರಿ ಬರುವ ಹಾಗೆ ಕೆತ್ತಬೇಕು. ಆರನ್ನೂ ಸೇರಿಸಿ ಅಂಟಿಸಿದರೆ ಒಳಗೆ ಟೊಳ್ಳಿಲ್ಲದ, ಆರು ಮುಖದ ಕೋಲು. ನನ್ನದು 7 ಅಡಿ, ಎರಡು ತುಂಡು. ಅಂದರೆ 12 ಪಟ್ಟಿ. ಹಿಡಿಯ ಹತ್ತಿರ ಕೋಲು 8 ಮಿಲಿಮೀಟರ್ ದಪ್ಪ, ತುದಿಯಲ್ಲಿ 2 ಮಿಲಿಮೀಟರಿಗೂ ಕಡಿಮೆ. ತುದಿಯ ಪಟ್ಟಿ ಒಂದೊಂದೂ 1 ಮಿಲಿಮೀಟರ್ ಕೂಡ ಇರೋದಿಲ್ಲ. ಮರ ಹೆರೆಯುವ ತೋಪಡ ಒಂದು ಸಲ ಜಾಸ್ತಿ ಓಡಿದರೆ ವಾರದ ಕೆಲಸ ಒಲೆಗೆ.

ಮೊದಲನೇ ಕೋಲಲ್ಲಿ ನಾನು ಮಾಡಿದ ತಪ್ಪು ಎರಡು. ಒಂದು, ನುಣ್ಣಗೆ ಕಾಣಲಿ ಅಂತ ಹೊರಗಿನ ಸಿಪ್ಪೆಯನ್ನೂ ಕೆತ್ತಿದ್ದೆ. ಬಿದಿರಿನ ಶಕ್ತಿ ಇರೋದೇ ಆ ಸಿಪ್ಪೆಯ ಕೆಳಗಿನ ನಾರಿನಲ್ಲಿ. ಅಡ್ಡ ಕಡಿದು ನೋಡಿ. ಹೊರಗಡೆ ನಾರಿನ ಚುಕ್ಕೆ ಒತ್ತೊತ್ತಾಗಿ ಇರುತ್ತದೆ, ಒಳಗೆ ಹೋದ ಹಾಗೆ ವಿರಳ. ಕೆತ್ತಬೇಕಾದ್ದು ಒಳಗಿನ ಎರಡು ಕಡೆ ಮಾತ್ರ, ಹೊರಗಿನದನ್ನು ಮುಟ್ಟಬಾರದು. ಇನ್ನೊಂದು ತಪ್ಪನ್ನು ತೋರಿಸಿಕೊಟ್ಟವರು ನಮ್ಮೂರಿನ ಮೇದರ ಅಜ್ಜ. ಮುರಿದ ತುಂಡು ಹಿಡಿದು, ಉಗುರಲ್ಲಿ ಕೆರೆದು, "ಇದನ್ನ ನೀವು ಸೀಳಿದ್ದಲ್ಲ ಗೌಡ್ರೆ, ಕೊಯ್ದದ್ದು" ಅಂದರು. ಹೌದು. ಮಿಷನ್ ಗರಗಸದಲ್ಲಿ ಕೊಯ್ದಿದ್ದೆ, ಬೇಗ ಆಗ್ತದಲ್ವಾ ಅಂತ. ಗರಗಸಕ್ಕೆ ನಾರು ಎತ್ತ ಹೋಗಿದೆ ಅಂತ ಗೊತ್ತಾಗೋದಿಲ್ಲ. ನಾರು ಅರ್ಧಕ್ಕೆ ತುಂಡಾಗಿ ಪಕ್ಕಕ್ಕೆ ಬಂದ ಕಡೆಯೇ ಕೋಲು ಮುರಿದಿತ್ತು.

ಅಜ್ಜ ಸೀಳೋದು ನೋಡಬೇಕು. ಬಿದಿರಿನ ತಲೆಗೆ ಕತ್ತಿ ಇಟ್ಟು ಒಂದು ಪೆಟ್ಟು. ಆಮೇಲೆ ಕತ್ತಿಯ ಕೆಲಸ ಕಡಿಮೆ, ಕೈಯದ್ದೇ ಜಾಸ್ತಿ. ಸೀಳು ನೆಟ್ಟಗೆ ನಡುವೆ ಹೋಗುತ್ತಿದ್ದರೆ ಎರಡೂ ಕಡೆ ಸಮ ಎಳೆಯುತ್ತಾರೆ. ಒಂದು ಕಡೆ ತೆಳ್ಳಗಾಗಿ ಇನ್ನೊಂದು ಕಡೆ ದಪ್ಪ ಆಗತೊಡಗಿದರೆ, ದಪ್ಪ ಇರುವ ಕಡೆಯನ್ನು ಹೆಚ್ಚು ಬಾಗಿಸುತ್ತಾರೆ. ಸೀಳು ತಾನೇ ಆ ಕಡೆಗೆ ತಿರುಗಿ ಮತ್ತೆ ನಡುವಿಗೆ ಬರುತ್ತದೆ. ನಾನು ತದ್ವಿರುದ್ಧ ಮಾಡುತ್ತಿದ್ದೆ, ತೆಳ್ಳಗಿದ್ದ ಕಡೆಯನ್ನೇ ಎಳೆದು ಕೈಗೆ ಚೂರು ಬರುತ್ತಿತ್ತು. ಅಜ್ಜ ನಕ್ಕು, "ಎಮ್ಮೆ ಕರು ಎಳೆದ ಹಾಗೆ ಎಳಿಬೇಡಿ" ಅಂದರು. ಆರು ಬೊಂಬು ಹಾಳು ಮಾಡಿದ ಮೇಲೆ ಕೈಗೆ ಸಿಕ್ಕಿತು.

ಬಿದಿರಿನ ಆಯ್ಕೆಯೂ ಅಜ್ಜನದ್ದೇ. ನಮ್ಮ ಕಡೆ ಶಮೆ ಅನ್ನುತ್ತೇವೆ, ಟೊಳ್ಳು ಕಡಿಮೆ ಇರುವ ಗಟ್ಟಿ ಬಿದಿರು. ಮೂರು ವರ್ಷವಾದರೂ ಬಲಿತಿರಬೇಕು. ಜನವರಿಯಲ್ಲಿ, ಕೃಷ್ಣಪಕ್ಷದಲ್ಲಿ ಕಡಿಯಬೇಕು, ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದೆ ಅನ್ನೋದು ಅವರ ಮಾತು. ಪಕ್ಷದ ವಿಚಾರ ನಾನು ಪರೀಕ್ಷೆ ಮಾಡೋಕೆ ಹೋಗಿಲ್ಲ. ಚಳಿಗಾಲದಲ್ಲಿ ಕಡಿದು ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಹೊಗೆಗೆ ಇಟ್ಟ ಬೊಂಬಿಗೆ ಮಾತ್ರ ಒಂದು ತೂತೂ ಬಿದ್ದಿಲ್ಲ.

ಇಲ್ಲೊಂದು ವಿಷಯ ಹೇಳಲೇಬೇಕು. ಈಗ ಜಗತ್ತಿನಲ್ಲಿ ಇಂಥ ಕೋಲು ಮಾಡುವವರು ಬಹುತೇಕ ಚೀನಾದ ಗುವಾಂಗ್‌ಡಾಂಗ್ ಕಡೆಯ ಟೊಂಕಿನ್ ಬಿದಿರು ಬಳಸುತ್ತಾರೆ. ನಾನೂ ಅದೇ ಬೇಕೇನೋ ಅಂದುಕೊಂಡಿದ್ದೆ. ಆದರೆ 19ನೇ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕದಲ್ಲಿ ಸೀಳು ಬಿದಿರಿನ ಕೋಲು ಶುರುವಾದಾಗ ಅವರ ಕೈಲಿದ್ದದ್ದು 'ಕಲ್ಕತ್ತಾ ಕೇನ್'. ಕಲ್ಕತ್ತಾ ಬಂದರಿನಿಂದ ಹಡಗು ಹತ್ತಿದ ನಮ್ಮ ದೇಶದ ಗಟ್ಟಿ ಬಿದಿರು. 1840ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್ ಊರಲ್ಲಿ ಸ್ಯಾಮ್ಯುಯೆಲ್ ಫಿಲಿಪ್ಪಿ ಅನ್ನುವ ಬಂದೂಕು ರಿಪೇರಿಯವನು ಮಾಡಿದ ಕೋಲುಗಳು ಈ ಕಸುಬಿನ ಕಥೆಯಲ್ಲಿ ಮೊದಲು ಬರುತ್ತವೆ. ಆಮೇಲೆ ಟೊಂಕಿನ್ ಬಂತು. ಅದರ ಗೆಣ್ಣು ದೂರ ದೂರ, ನಾರು ನೆಟ್ಟಗೆ, ಕೆಲಸ ಸುಲಭ. ನಮ್ಮದರ ಗೆಣ್ಣು ಹತ್ತಿರ, ಕೆಲಸ ಕಷ್ಟ. ಕಷ್ಟ ಅಷ್ಟೇ, ಆಗದೇ ಇರೋದೇನಲ್ಲ.

ಗೆಣ್ಣಿನ ಕಷ್ಟ ಸ್ವಲ್ಪ ಹೇಳಿಬಿಡುತ್ತೇನೆ. ಪ್ರತಿ ಗೆಣ್ಣಿನಲ್ಲೂ ಪಟ್ಟಿ ಸೊಟ್ಟ ಆಗಿರುತ್ತದೆ. ಬಚ್ಚಲ ಒಲೆಯ ಕೆಂಡದ ಮೇಲೆ ಗೆಣ್ಣನ್ನು ಹಿಡಿದು, ತಿರುಗಿಸುತ್ತಾ ಕಾಯಿಸಬೇಕು. ಉರಿ ತಾಗಬಾರದು. ಸ್ವಲ್ಪ ಹೊತ್ತಿಗೆ ಬೆಲ್ಲ ಕಾಯುವ ಹಾಗೆ ಒಂದು ಸಿಹಿ ವಾಸನೆ ಬರುತ್ತದೆ. ಅದೇ ಹೊತ್ತು. ತೆಗೆದು ನೆಟ್ಟಗೆ ಒತ್ತಿ ಹಿಡಿದರೆ, ತಣ್ಣಗಾದ ಮೇಲೆ ಹಾಗೇ ನಿಲ್ಲುತ್ತದೆ. ವಾಸನೆ ಬರೋ ಮುಂಚೆ ಒತ್ತಿದರೆ ಸೀಳುತ್ತದೆ, ಬಂದ ಮೇಲೂ ಬಿಟ್ಟರೆ ಸುಡುತ್ತದೆ. ಪಟ್ಟಿಗಳನ್ನು ಜೋಡಿಸುವಾಗ ಎಲ್ಲ ಗೆಣ್ಣೂ ಒಂದೇ ಕಡೆ ಬರದ ಹಾಗೆ ಹಿಂದೆ ಮುಂದೆ ಸರಿಸಬೇಕು. ಮನೆಯವರೆಲ್ಲ ಸ್ನಾನಕ್ಕೆ ಕಾಯುತ್ತಾ ನಿಂತಿರುತ್ತಾರೆ, ಅದು ಬೇರೆ.

ಕೆತ್ತೋಕೆ ಕಬ್ಬಿಣದ ಅಚ್ಚು ಬೇಕು, ಅದರಲ್ಲಿ ಸ್ಕ್ರೂ ತಿರುಗಿಸಿ ಗಾಡಿಯ, ಅಂದರೆ ಪಟ್ಟಿ ಕೂರುವ ಉದ್ದನೆಯ ತೋಡಿನ, ಆಳ ಹೆಚ್ಚು ಕಡಿಮೆ ಮಾಡಬಹುದು. ದುಬಾರಿ. ನಾನು ನಮ್ಮ ಬಡಗಿಯ ಹತ್ತಿರ ಹೊನ್ನೆ ಮರದ ಹಲಗೆಯಲ್ಲಿ 60 ಡಿಗ್ರಿಯ ಗಾಡಿ ಹೊಡೆಸಿದೆ, ಒಂದು ತುದಿಯಲ್ಲಿ ಆಳ, ಇನ್ನೊಂದು ತುದಿಯಲ್ಲಿ ಕೂದಲೆಳೆ. ಪಟ್ಟಿಯನ್ನು ಅದರಲ್ಲಿ ಕೂರಿಸಿ, ಮೇಲೆ ತೋಪಡ ಓಡಿಸೋದು. ತೋಪಡ ಮರಕ್ಕೆ ತಾಗಿದರೆ ಪಟ್ಟಿ ಮುಗಿಯಿತು ಅಂತ ಅರ್ಥ. ಅಚ್ಚೂ ಸವೆಯುತ್ತದೆ, ಎರಡು ಕೋಲಿಗೆ ಒಂದು ಅಚ್ಚು.

ಎರಡನೇ ಕೋಲು ಮುರಿಯಲಿಲ್ಲ, ಬಿಚ್ಚಿಕೊಂಡಿತು. ಆಷಾಢದಲ್ಲಿ ಅಂಟು ಹಾಕಿದ್ದೆ. ಆ ತಿಂಗಳಲ್ಲಿ ನಮ್ಮಲ್ಲಿ ಹಾಸಿಗೆಯೇ ಒಣಗಿರೋದಿಲ್ಲ, ಬಿದಿರು ಒಣಗಿರುತ್ತದಾ? ನಾಲ್ಕು ದಿನ ಬೀಸಿದ ಮೇಲೆ ತುದಿ ಬಾಳೆಹಣ್ಣಿನ ಸಿಪ್ಪೆ ಥರ ಅರಳಿತು. ಮೂರನೆಯದಕ್ಕೆ ಫೆಬ್ರವರಿವರೆಗೆ ಕಾದೆ. ಪಟ್ಟಿಗಳನ್ನು ದಾರದಿಂದ ಬಿಗಿದು, ಕಬ್ಬಿಣದ ಪೈಪಿನೊಳಗೆ ಹಾಕಿ, ಅಡಿಕೆ ಬೇಯಿಸುವ ಒಲೆಯ ಮೇಲೆ 180 ಡಿಗ್ರಿಯಲ್ಲಿ ಹದಿನೈದು ನಿಮಿಷ ಹುರಿದೆ. ಬೇಕರಿಯವರು ಬಳಸುವ ಥರ್ಮಾಮೀಟರ್ ತಂದಿದ್ದೆ. ಹೊರಗೆ ತೆಗೆದಾಗ ತುಪ್ಪದಲ್ಲಿ ಹುರಿದ ಗೋಡಂಬಿಯ ಬಣ್ಣ. ತಟ್ಟಿದರೆ ಗಾಜಿನ ಥರ ಟಣ್ ಅನ್ನುತ್ತಿತ್ತು. ಅವತ್ತೇ ಕೊನೆಯ ಕೆತ್ತನೆ, ಮಾರನೇ ದಿನ ಎಪಾಕ್ಸಿ ಅಂಟು. ತುಂಡು ಸೇರಿಸೋಕೆ ಹಿತ್ತಾಳೆ ಕೊಳವೆ, ದಾರ ಓಡೋಕೆ ತಂತಿಯ ಬಳೆಗಳು, ಮೂರು ಕೈ ವಾರ್ನಿಷ್. ಅದೆಲ್ಲ ತಾಳ್ಮೆಯ ಕೆಲಸ, ವಿಶೇಷ ಏನಿಲ್ಲ.

ಫ್ಲೈ ಕಟ್ಟೋದು ಇದರ ಮುಂದೆ ಮಜಾ. ಸಂಜೆ ಅರ್ಧ ಗಂಟೆಯಲ್ಲಿ ಒಂದು ಮುಗಿಯುತ್ತದೆ. ಸಾಮಾನಿಗೆ ಪೇಟೆಗೂ ಹೋಗಬೇಕಿಲ್ಲ. ಹೆಂಡತಿ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಆ ರೇಷ್ಮೆ ದಾರದ ಒಂದು ಎಳೆ ಬಿಡಿಸಿ, ಜೇನುಮೇಣ ಸವರಿದರೆ ಆಯಿತು. ಹೊಳಪಿಗೆ ಹಳೆ ಸೀರೆಯ ಜರಿ. ಗರಿಗೆ ನಾಟಿ ಹುಂಜ. ಕೋಳಿ ಅಂಗಡಿಯವನಿಗೆ ಮೊದಲೇ ಹೇಳಿಟ್ಟರೆ ಕುತ್ತಿಗೆ ಚರ್ಮ ಪೂರ್ತಿ ಕೊಡುತ್ತಾನೆ. ಉಪ್ಪು ಹಚ್ಚಿ ನೆರಳಲ್ಲಿ ಒಣಗಿಸಬೇಕು. ನಾಯಿಗೆ ಸಿಗದ ಎತ್ತರದಲ್ಲಿ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ನನ್ನ ಮೊದಲ ಫ್ಲೈಗಳು ತೇಲಲಿಲ್ಲ. ನೀರಿನ ಮೇಲೆ ನಿಲ್ಲುವ ಫ್ಲೈಗೆ ಗರಿಯ ಎಳೆಗಳು ಬಿರುಸಾಗಿ ಇರಬೇಕು. ಅದಕ್ಕೆಂದೇ ಅಮೆರಿಕದಲ್ಲಿ ಬೇರೆ ತಳಿಯ ಹುಂಜ ಸಾಕುತ್ತಾರೆ. ನಮ್ಮ ಹುಂಜದ ಗರಿ ಬುಡದಲ್ಲಿ ಮೆತ್ತಗೆ, ನೀರು ಕುಡಿಯುತ್ತದೆ. ಸರಿ, ಮುಳುಗುವ ಫ್ಲೈಯನ್ನೇ ಕಟ್ಟೋಣ ಅಂತ ತೀರ್ಮಾನ ಮಾಡಿದೆ. 12ನೇ ನಂಬರಿನ ಕೊಕ್ಕೆ. ಕೊಕ್ಕೆಯ ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಸಣ್ಣ, ಇದು ತಲೆಗೆ ಹೋಗೋಕೇ ನನಗೆ ಒಂದು ವಾರ ಬೇಕಾಯಿತು. ಕಿತ್ತಳೆ ಬಣ್ಣದ ಕುಚ್ಚಿನ ದಾರವನ್ನು ಕೊಕ್ಕೆಯ ಕಣ್ಣಿನ ಹಿಂದಿನಿಂದ ಬಾಗಿನ ತನಕ ಒತ್ತಾಗಿ ಸುತ್ತಿ, ಅಲ್ಲಿ ಜರಿಯ ಎಳೆ ಕಟ್ಟಿ ವಾಪಸ್ ಬರುತ್ತೇನೆ. ಜರಿಯನ್ನು ಐದು ಸುತ್ತು, ಬಿಡಿಬಿಡಿಯಾಗಿ. ಕೊನೆಗೆ ಒಂದು ಗರಿಯ ತುದಿ ಹಿಡಿದು, ಎಳೆಗಳನ್ನು ಹಿಂದಕ್ಕೆ ನೀವಿ, ಎರಡೇ ಸುತ್ತು. ಮೂರು ಸುತ್ತಿದರೆ ಪೊರಕೆ ಆಗುತ್ತದೆ. ಗಂಟು ಹಾಕಿ, ತಲೆಗೆ ಒಂದು ಹನಿ ನೇಲ್ ಪಾಲಿಶ್. ನೀರಲ್ಲಿ ಆ ಎಳೆಗಳು ಕಾಲಿನ ಥರ ಆಡುತ್ತವೆ.

ಗರಿ ಅಂದಾಗ ಕಾಡುಕೋಳಿಯ ಮಾತು ಬರಬೇಕು. ನಮ್ಮ ಘಟ್ಟದ ಬೂದು ಕಾಡುಹುಂಜದ ಕುತ್ತಿಗೆ ಗರಿಯ ತುದಿಯಲ್ಲಿ ಮೇಣದ ಹನಿ ಬಿದ್ದ ಹಾಗೆ ಒಂದು ಹೊಳೆಯುವ ಚುಕ್ಕೆ ಇರುತ್ತದೆ. ಬ್ರಿಟಿಷರು ಸಾಲ್ಮನ್ ಮೀನಿಗೆ ಕಟ್ಟುತ್ತಿದ್ದ ಜಾಕ್ ಸ್ಕಾಟ್‌ನಂಥ ಹೆಸರುವಾಸಿ ಫ್ಲೈಗಳ ಪಕ್ಕಕ್ಕೆ ಅದೇ ಗರಿ. ಎಷ್ಟು ಹುಂಜಗಳ ಕುತ್ತಿಗೆ ಹಡಗು ಹತ್ತಿತೋ! ಈಗ ಆ ಹಕ್ಕಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ತೋಟದಲ್ಲಿ ಒಂದು ಗರಿ ಬಿದ್ದಿತ್ತು. ಬೆಳಕಿಗೆ ಹಿಡಿದು ನೋಡಿದೆ, ಅಲ್ಲೇ ಇಟ್ಟು ಬಂದೆ. ತಾನಾಗಿ ಉದುರಿದ ನವಿಲುಗರಿಗೆ ಮಾತ್ರ ಕಾನೂನಿನಲ್ಲಿ ವಿನಾಯಿತಿ ಇದೆ. ಅದರ ಎಳೆ ಸುತ್ತಿದರೆ ಹಸಿರು ಹೊಳಪಿನ ಜೀರುಂಡೆಯಂಥ ಮೈ ಬರುತ್ತದೆ.

ನಾನು ತುಂಗಾ ಹೊಳೆಗೆ ಹೋಗೋದಿಲ್ಲ. ಚಿಪ್ಪಲಗುಡ್ಡೆಯಂಥ ಮತ್ಸ್ಯಧಾಮದಲ್ಲಂತೂ ಗಾಳದ ಮಾತೇ ಎತ್ತಬಾರದು. ಕಾವೇರಿಯ ಡುಬ್ಬದ ಮಹಶೀರ್ ಮೀನು 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ. ನನಗೆ ಮನೆ ಕೆಳಗಿನ ಹಳ್ಳ, ಸ್ನೇಹಿತರ ಒಂದು ಕೆರೆ ಸಾಕು. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡುತ್ತೇನೆ, ಮೀನು ಬಿಡೋಕೆ ಸುಲಭ.

ಕಳೆದ ವರ್ಷ ಭರಣಿ ಮಳೆ ಬಿದ್ದ ಸಂಜೆ. ಹುತ್ತದಿಂದ ಈಚಲು ಎದ್ದಿತ್ತು. ರೆಕ್ಕೆ ಬಂದ ಗೆದ್ದಲು ಕೆರೆ ಮೇಲೆಲ್ಲ ಬಿದ್ದು ಒದ್ದಾಡುತ್ತಿತ್ತು. ನೀರಲ್ಲಿ ಎಲ್ಲಿ ನೋಡಿದರೂ ಉಂಗುರ. ಕುಚ್ಚಿನ ದಾರದ ಫ್ಲೈ ಹಾಕಿದೆ, ಹತ್ತು ಸಲ. ಒಂದು ಮೀನೂ ತಿರುಗಿ ನೋಡಲಿಲ್ಲ. ಮೇಲೆ ಊಟ ಹಾಕಿರುವಾಗ ಕೆಳಗೆ ಯಾರು ಹುಡುಕುತ್ತಾರೆ? ಮನೆಗೆ ಓಡಿ ಬಂದು ಹಳೆ ಹವಾಯಿ ಚಪ್ಪಲಿಯ ರಬ್ಬರನ್ನು ಬ್ಲೇಡಿನಲ್ಲಿ ತೆಳ್ಳಗೆ ಸೀಳಿದೆ. ಕೊಕ್ಕೆಗೆ ಕಂದು ದಾರದಲ್ಲಿ ಬಿಗಿದು, ಹೊಸ ಶರಟಿನ ಪ್ಲಾಸ್ಟಿಕ್ ಕವರಿನಿಂದ ಎರಡು ರೆಕ್ಕೆ ಕತ್ತರಿಸಿ ಕಟ್ಟಿದೆ. ಅಷ್ಟು ಕೆಟ್ಟ ಫ್ಲೈ ನಾನು ಅದಕ್ಕೆ ಮುಂಚೆ ಕಟ್ಟಿರಲಿಲ್ಲ, ಆಮೇಲೂ ಕಟ್ಟಿಲ್ಲ. ಬೆಳಕು ಇನ್ನೂ ಸ್ವಲ್ಪ ಇತ್ತು. ಎರಡನೇ ಬೀಸಿಗೆ ಒಂದು ಗೆಂಡೆ ಹಿಡಿಯಿತು. ಅಂಗೈಗಿಂತ ಸ್ವಲ್ಪ ದೊಡ್ಡದು. ಕೋಲು ತುದಿಯಿಂದ ಹಿಡಿಯ ತನಕ ಬಾಗಿತು, ಬಿದಿರು ಕೈಯೊಳಗೆ ನಡುಗಿದ್ದು ಗೊತ್ತಾಯಿತು. ಕತ್ತಲಾಗುವ ತನಕ ಒಂಬತ್ತು ಮೀನು ಹಿಡಿದು ಬಿಟ್ಟೆ. ಪ್ಲಾಸ್ಟಿಕ್ ರೆಕ್ಕೆ ಐದನೇ ಮೀನಿಗೇ ಹೋಗಿತ್ತು, ಅವಕ್ಕೆ ಅದರ ಲೆಕ್ಕ ಇರಲಿಲ್ಲ.

ಮೇದರ ಅಜ್ಜನಿಗೆ ಕೋಲು ತೋರಿಸಿದೆ. ಕಣ್ಣಿಗೆ ಹಿಡಿದು ಉದ್ದಕ್ಕೆ ನೋಡಿದರು. "ಗೆಣ್ಣು ಚೆನ್ನಾಗಿ ಕೂತಿದೆ. ತುದಿ ಎಡಕ್ಕೆ ವಾಲಿದೆ ನೋಡಿ" ಅಂದರು. ನೋಡಿದೆ, ವಾಲಿದೆ. ಈ ಭಾನುವಾರ ಎಲ್ಲರ ಸ್ನಾನ ಮುಗಿದ ಮೇಲೆ ಮತ್ತೊಮ್ಮೆ ಕೆಂಡಕ್ಕೆ ಹಿಡಿಯಬೇಕು.